ಹಿಮ ಗಟ್ಟಿಯಾಗದ ಬೆಳಿಗ್ಗೆ

ನಾಲ್ಕು ವರ್ಷದ ಹಿಂದಿನ ಮಾರ್ಚ್ ತಿಂಗಳು. ಟ್ರೆಕ್ ಲೀಡರ್ ಆಗಿ ಅದು ನನ್ನ ಹದಿಮೂರನೇ ವರ್ಷ. ವರ್ಷದಲ್ಲಿ ಐದಾರು ತಿಂಗಳು ಉತ್ತರಾಖಂಡದ ಬೆಟ್ಟಗಳಲ್ಲಿ ಕೆಲಸ, ಉಳಿದ ದಿನ ತೀರ್ಥಹಳ್ಳಿಯ ಮನೆಯಲ್ಲಿ. ಪರ್ವತಾರೋಹಣದ ಬೇಸಿಕ್ ಮತ್ತು ಅಡ್ವಾನ್ಸ್ ಕೋರ್ಸ್‌ಗಳನ್ನು ಮುಗಿಸಿ ಈ ವೃತ್ತಿಗೆ ಬಂದವಳು ನಾನು. ಟ್ರೆಕ್ ಲೀಡರ್ ಎಂದರೆ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವರು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಕೆಲಸದ ಮುಕ್ಕಾಲು ಪಾಲು ಕಾಲ ಕೆಳಗಿನ ಹಿಮವನ್ನು ನೋಡುವುದು. ಅದು ನಿನ್ನೆ ಹೇಗಿತ್ತು, ಈಗ ಹೇಗಿದೆ, ಇನ್ನು ಮೂರು ಗಂಟೆ ಕಳೆದರೆ ಹೇಗಾಗುತ್ತದೆ ಎಂದು ಅಂದಾಜು ಮಾಡುವುದು. ಆ ಅಂದಾಜಿನಲ್ಲಿ ನನ್ನ ಕೈ ಪಳಗಿತ್ತು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ಸಲದ ತಂಡ ನನ್ನ ಕಡೆಯವರದ್ದೇ ಆಗಿತ್ತು. ಸಾಗರದಿಂದ ಐವರು, ಹೊಸನಗರದಿಂದ ನಾಲ್ವರು, ತೀರ್ಥಹಳ್ಳಿಯಿಂದ ಮೂವರು, ಒಟ್ಟು ಹನ್ನೆರಡು ಜನ. ಹೋಗಬೇಕಾಗಿದ್ದದ್ದು ಗಢವಾಲ್ ಭಾಗದ, ಸುಮಾರು ಹದಿಮೂರು ಸಾವಿರ ಅಡಿ ಎತ್ತರದ ಒಂದು ಶಿಖರಕ್ಕೆ. ಅವರಲ್ಲಿ ಯಾರೂ ಅದುವರೆಗೆ ಹಿಮವನ್ನು ಕಣ್ಣಾರೆ ಕಂಡಿರಲಿಲ್ಲ. ಡಿಸೆಂಬರ್‌ನಿಂದಲೇ ಪ್ರತಿ ಭಾನುವಾರ ಅವರನ್ನು ಕೊಡಚಾದ್ರಿ ಹತ್ತಿಸಿದೆ, ಒಮ್ಮೆ ಹಿಡ್ಲುಮನೆ ಕಡೆಯ ಕಡಿದಾದ ದಾರಿಯಲ್ಲಿ, ಒಮ್ಮೆ ಜೀಪು ಹೋಗುವ ದಾರಿಯಲ್ಲಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರದೆ ನಡೆಯುವುದು ನಮ್ಮವರಿಗೆ ಹುಟ್ಟಿನಿಂದಲೇ ಗೊತ್ತು. ಚಿಕ್ಕ ಹೆಜ್ಜೆ, ಪೂರ್ತಿ ಪಾದ ನೆಲಕ್ಕೆ. ಹಿಮದ ಮೇಲಿನ ನಡಿಗೆಗೂ ಅದೇ ಅಡಿಪಾಯ.

ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ಸಾಗರದ ಹೈಸ್ಕೂಲೊಂದರ ದೈಹಿಕ ಶಿಕ್ಷಕ ಗಣಪತಿ ಮೇಷ್ಟ್ರು. ನಲವತ್ತರ ಹರೆಯ, ಮ್ಯಾರಥಾನ್ ಓಡುವ ಕಾಲು. ಕೊಡಚಾದ್ರಿಯ ತುದಿಗೆ ನಮಗಿಂತ ಮುಕ್ಕಾಲು ಗಂಟೆ ಮೊದಲೇ ತಲುಪಿ, ಮತ್ತೆ ಕೆಳಗಿಳಿದು ಬಂದು ಹಿಂದುಳಿದವರ ಚೀಲ ಹೊರುತ್ತಿದ್ದರು. ಇನ್ನೊಬ್ಬರು ಹೊಸನಗರದ ನಾಗವೇಣಕ್ಕ. ವಯಸ್ಸು ಅರವತ್ತೊಂದು. ಆರೋಗ್ಯ ಸಹಾಯಕಿಯಾಗಿ ಮೂವತ್ತನಾಲ್ಕು ವರ್ಷ ಕಾಡಂಚಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿ ನಿವೃತ್ತರಾದವರು. ವಯಸ್ಸು ನೋಡಿ ನಾನು ಮೊದಲು ಒಪ್ಪಿರಲಿಲ್ಲ.

"ಮೂವತ್ನಾಲ್ಕು ವರ್ಷ ಗುಡ್ಡ ಹತ್ತಿದೀನಿ ಸುಜಾತಾ, ಎಲ್ಲ ಬೇರೆಯವರ ಮಕ್ಕಳ ಸಲುವಾಗಿ. ಒಂದ್ಸಲ ನನ್ನ ಸಲುವಾಗಿ ಹತ್ತಬೇಕು ಮಾರಾಯ್ತಿ" ಎಂದರು.

ಎಂಟು ಕಿಲೋ ಭಾರ ಹೊರಿಸಿ ಕೊಡಚಾದ್ರಿ ಹತ್ತಿಸಿದೆ. ಎಲ್ಲರಿಗಿಂತ ಕೊನೆಗೆ ಬಂದರು, ಆದರೆ ಒಂದು ಕಡೆಯೂ ಕೂರಲಿಲ್ಲ, ಉಸಿರು ಏರಲಿಲ್ಲ. ವೈದ್ಯರ ಸರ್ಟಿಫಿಕೇಟೂ ತಂದರು. ಅಲ್ಲಿಗೆ ನನ್ನ ತಕರಾರು ಮುಗಿಯಿತು.

ಮಾರ್ಚ್ ಮೂರನೇ ವಾರ ನಾವು ಬೇಸ್ ಕ್ಯಾಂಪ್ ಸೇರಿದೆವು. ಹನ್ನೊಂದು ಸಾವಿರ ಅಡಿಯಲ್ಲಿ, ದೇವದಾರು ಮರಗಳು ಮುಗಿಯುವ ಕಡೆ, ಹಿಮದ ಮೇಲೆಯೇ ಡೇರೆಗಳು. ಜೊತೆಗೆ ಕೆಳಗಿನ ಹಳ್ಳಿಯ ಗೈಡ್ ಬಲವಂತ್ ಇದ್ದರು. ಆ ಬೆಟ್ಟದಲ್ಲಿ ಇಪ್ಪತ್ತು ವರ್ಷ ಓಡಾಡಿದವರು, ಮಾತು ಬಹಳ ಕಡಿಮೆ.

ವಸಂತಕಾಲದ ಹಿಮದ ಲೆಕ್ಕ ಸರಳ. ಹಗಲು ಬಿಸಿಲಿಗೆ ಮೇಲ್ಪದರ ಕರಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಅದು ಮತ್ತೆ ಹೆಪ್ಪುಗಟ್ಟಿ ಸಿಮೆಂಟಿನಂತಾಗುತ್ತದೆ. ಆ ಗಟ್ಟಿ ಹಿಮದ ಮೇಲೆ ಶೂಗೆ ಮೈಕ್ರೋಸ್ಪೈಕ್, ಅಂದರೆ ಕಬ್ಬಿಣದ ಹಲ್ಲುಗಳಿರುವ ಸರಪಳಿ, ಕಟ್ಟಿಕೊಂಡರೆ ಆರಾಮವಾಗಿ ನಡೆಯಬಹುದು. ಅದಕ್ಕೇ ಬೆಳಗಾಗುವ ಮೊದಲೇ ಹೊರಟು, ಬಿಸಿಲು ಬಲಿಯುವಷ್ಟರಲ್ಲಿ ಇಳಿದುಬಿಡುತ್ತೇವೆ. ರಾತ್ರಿ ಮೋಡ ಮುಸುಕಿದ್ದರೆ ಈ ಲೆಕ್ಕ ತಪ್ಪುತ್ತದೆ. ನಮ್ಮೂರಲ್ಲೂ ಮೋಡವಿದ್ದ ರಾತ್ರಿ ಚಳಿ ಕಡಿಮೆಯಲ್ಲವೇ, ಹಾಗೆ. ಕಂಬಳಿ ಹೊದ್ದಂತೆ ಬೆಟ್ಟ ಬೆಚ್ಚಗಿದ್ದು, ಹಿಮ ಗಟ್ಟಿಯಾಗುವುದೇ ಇಲ್ಲ.

ಶಿಖರಕ್ಕೆ ಹೊರಡಬೇಕಿದ್ದ ದಿನ ಆದದ್ದು ಅದೇ. ಬೆಳಗಿನ ಜಾವ ನಾಲ್ಕು ಗಂಟೆಗೆ ಡೇರೆಯಿಂದ ಹೊರಬಂದು ಥರ್ಮಾಮೀಟರ್ ನೋಡಿದೆ. ಸೊನ್ನೆಗಿಂತ ಒಂದು ಡಿಗ್ರಿ ಮೇಲಿತ್ತು. ಅದು ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿರಬೇಕಿತ್ತು. ಒಂದು ಹೆಜ್ಜೆ ಇಟ್ಟೆ. ಶೂ ಹರಡಿನವರೆಗೆ ಮುಳುಗಿತು. ತಲೆಯ ಮೇಲೆ ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ.

ಎಲ್ಲರನ್ನೂ ಕರೆದು ಇದ್ದದ್ದನ್ನು ಹೇಳಿದೆ. "ಕೊರಕಲಿನ ಅಂಚಿನವರೆಗೆ ಹೋಗೋಣ. ಅಲ್ಲಿ ಹಿಮ ನೋಡಿ ಮುಂದಿನ ಮಾತು."

ಆ ಕೊರಕಲು ದಾರಿಯ ಕಷ್ಟದ ಜಾಗ. ಸುಮಾರು ಎಂಬತ್ತು ಮೀಟರ್ ಅಗಲ, ಮನೆಯ ಹೆಂಚಿನ ಮಾಡಿಗಿಂತ ಕಡಿದಾದ ಇಳಿಜಾರು. ಅದನ್ನು ಅಡ್ಡಲಾಗಿ ದಾಟಿದರೆ ಶಿಖರಕ್ಕೆ ಇನ್ನು ಒಂದೂವರೆ ಗಂಟೆ. ಅದರ ಮೇಲ್ಭಾಗದಲ್ಲಿ ಬೋಗುಣಿಯಂಥ ಜಾಗದಲ್ಲಿ ಚಳಿಗಾಲದ ಹಿಮವೆಲ್ಲ ತುಂಬಿ ನಿಂತಿರುತ್ತದೆ. ಅದು ಜಾರಿದರೆ ಬರುವುದು ಈ ದಾರಿಯ ಮೇಲೆಯೇ.

ನಾವು ತಲುಪಿದಾಗ ಐದೂಮುಕ್ಕಾಲು. ಬೇರೊಂದು ತಂಡ ಆಗಲೇ ಕೊರಕಲಿಗೆ ಇಳಿದಿತ್ತು. ಮೊಣಕಾಲಿನವರೆಗೆ ಹೂತುಕೊಂಡು ಸಾಲಾಗಿ ದಾಟುತ್ತಿದ್ದರು. ಬಲವಂತ್ ತಮ್ಮ ಐಸ್ ಆಕ್ಸ್‌ನ ಹಿಡಿಯನ್ನು ಹಿಮದೊಳಗೆ ಊರಿದರು. ಒತ್ತುವ ಮೊದಲೇ ಅದು ಪೂರ್ತಿ ಒಳಗೆ ಹೋಯಿತು. ನನ್ನ ಮುಖ ನೋಡಿದರು.

ಅಂಚಿನಲ್ಲಿ, ಅದೇ ಇಳಿಜಾರಿನ ಸುರಕ್ಷಿತ ಮೂಲೆಯೊಂದರಲ್ಲಿ ಸಲಿಕೆಯಿಂದ ಗುಂಡಿ ತೆಗೆದೆ. ಮೇಲಿನ ಒಂದೂವರೆ ಅಡಿ ಹಿಮ ಒದ್ದೆ ರವೆಯ ಹಾಗೆ ಉದುರುತ್ತಿತ್ತು. ಅದರ ಕೆಳಗೆ ಹಳೆಯ ಮಂಜುಗಡ್ಡೆಯ ನುಣುಪಾದ ಪದರ, ಅದರ ಮೇಲೆ ತೆಳ್ಳಗೆ ನೀರು. ಒಂದು ಚೌಕದಷ್ಟು ಹಿಮವನ್ನು ಸುತ್ತ ಕಡಿದು ಬಿಡಿಸಿ, ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಿದೆ. ಪದರಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಎಂದು ನೋಡುವ ಪರೀಕ್ಷೆ ಇದು. ಇಪ್ಪತ್ತು ಮೂವತ್ತು ಸಲ ತಟ್ಟಿದರೂ ಕದಲದಿದ್ದರೆ ಸಮಾಧಾನ. ಅವತ್ತು ಮೂರನೇ ಸಲಕ್ಕೆ ಮೇಲಿನ ಪದರ ಇಡಿಯಾಗಿ ಜಾರಿ ನನ್ನ ಮಡಿಲಿಗೆ ಬಿತ್ತು.

"ವಾಪಸ್ ಹೋಗೋಣ" ಎಂದೆ.

ಮೊದಲು ಮಾತಾಡಿದ್ದು ಗಣಪತಿ ಮೇಷ್ಟ್ರು. "ಮೇಡಂ, ಅವರು ದಾಟ್ತಾ ಇದಾರಲ್ಲ?"

"ಅವರ ಲೀಡರ್ ಎಂತ ನೋಡಿದಾರೋ ಗೊತ್ತಿಲ್ಲ ಮೇಷ್ಟ್ರೇ. ನಾನು ನೋಡಿದ್ದು ಇದು."

"ನಾಳೆನೂ ಮೋಡ ಅಂತ ನಿನ್ನೆ ನೀವೇ ಹೇಳಿದ್ರಿ. ಅಂದ್ರೆ ಇಲ್ಲಿಗೆ ಮುಗೀತು ಅಂತಾಯ್ತು."

"ಮುಗೀಬಹುದು."

ಮೂರು ತಿಂಗಳ ಭಾನುವಾರಗಳು ಅವರೆಲ್ಲರ ಮುಖದ ಮೇಲಿದ್ದವು. ಬೇಕಾದವರು ಮುಂದಿನ ತಂಡದ ಹಿಂದೆ ಹೋಗಬಹುದಲ್ಲ ಎಂದು ಯಾರೋ ಮೆಲ್ಲಗೆ ಅಂದರು. ನನಗೆ ನಿಜವಾಗಿ ಭಯವಾದದ್ದು ಆಗ. ತಂಡ ಎರಡಾದರೆ ಬೆಟ್ಟದ ಮೇಲೆ ಲೀಡರ್ ಎನ್ನುವವರೇ ಇರುವುದಿಲ್ಲ. ಗಣಪತಿ ಮೇಷ್ಟ್ರು ಒಂದು ಹೆಜ್ಜೆ ಕೊರಕಲಿನ ಕಡೆ ಇಟ್ಟೂ ಆಗಿತ್ತು.

ನಾಗವೇಣಕ್ಕ ಅವರ ಪಕ್ಕದಲ್ಲೇ ನಿಂತಿದ್ದರು. "ಮೇಷ್ಟ್ರೇ, ಒಂದು ಮಾತು. ನಾನು ಲಸಿಕೆ ಡಬ್ಬಿ ಹೊತ್ಕೊಂಡು ಹೋಗ್ತಿದ್ನಲ್ಲ, ಅದ್ರೊಳಗೆ ಐಸ್ ಇರ್ತದೆ. ಕೆಲವು ಸಲ ಹೋಗಿ ಮುಟ್ಟೋದ್ರೊಳಗೆ ಐಸ್ ಪೂರ್ತಿ ಕರಗಿರ್ತಿತ್ತು, ಲಸಿಕೆ ಕೆಟ್ಟಿರಬಹುದು ಅಂತ ಲೆಕ್ಕ. ತಾಯಂದ್ರು ಕೂಸು ಕಟ್ಕೊಂಡು ಬೆಳಿಗ್ಗೆಯಿಂದ ಕಾದಿರ್ತಿದ್ರು. ಆದ್ರೂ ಲಸಿಕೆ ಹಾಕ್ತಿರಲಿಲ್ಲ, ಹಾಗೇ ವಾಪಸ್ ತರ್ತಿದ್ದೆ. ಹಾಕಿದ್ರೆ ಎಂತ ಆಗ್ತಿತ್ತು? ಎಂತನೂ ಆಗದೇನೂ ಇರಬಹುದಿತ್ತು. ಆದ್ರೆ ಗೊತ್ತಿದ್ದೂ ಹಾಕಕ್ಕಾಗ್ತದಾ? ಎಷ್ಟು ಬೈಸ್ಕೊಂಡಿದೀನಿ ಗೊತ್ತಾ!"

ಅಷ್ಟು ಹೇಳಿ ಕೊರಕಲಿಗೆ ಬೆನ್ನು ಮಾಡಿ, ಬಂದ ದಾರಿಯಲ್ಲಿ ನಡೆಯತೊಡಗಿದರು. ಹನ್ನೆರಡು ಜನರಲ್ಲಿ ಇನ್ನೊಂದು ಅವಕಾಶ ಸಿಗುವ ಸಂಭವ ಅತಿ ಕಡಿಮೆ ಇದ್ದದ್ದು ಅವರಿಗೇ. ಅವರೇ ತಿರುಗಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ತಿರುಗಿದರು. ಮೇಷ್ಟ್ರು ಕೊನೆಯವರು.

ಇಳಿಯಲು ಶುರುಮಾಡಿ ಇಪ್ಪತ್ತು ನಿಮಿಷವಾಗಿರಬಹುದು. ಅಪಾಯವೆನ್ನುವಂಥ ಜಾಗವೇನಲ್ಲ, ಬಹುಪಾಲು ಸಪಾಟು. ಹಿಮದ ಕೆಳಗೆ ಹುದುಗಿದ ಬಂಡೆಯ ಪಕ್ಕ ಪೊಳ್ಳಾಗಿತ್ತು. ನಾಗವೇಣಕ್ಕನ ಎಡಗಾಲು ಅದರೊಳಗೆ ತೊಡೆಯವರೆಗೆ ಇಳಿಯಿತು, ಮೈ ಮುಂದಕ್ಕೆ ಬಿತ್ತು. ನಾನು ಮತ್ತು ಬಲವಂತ್ ಸುತ್ತ ಹಿಮ ತೋಡಿ ಕಾಲು ಬಿಡಿಸಿದೆವು. ನಾಗವೇಣಕ್ಕನೇ ಮೊಣಕಾಲು ಒತ್ತಿ ನೋಡಿಕೊಂಡು, "ಮುರಿದಿಲ್ಲ, ಲಿಗಮೆಂಟ್ ಎಳೆದಿದೆ. ಕ್ರೇಪ್ ಬ್ಯಾಂಡೇಜ್ ಕೊಡು" ಎಂದರು. ನನ್ನ ಕೈಯಿಂದ ಕಸಿದುಕೊಂಡು ತಾವೇ ಸುತ್ತಿಕೊಂಡರು. ಆಸರೆ ಕೊಟ್ಟು ನಿಧಾನವಾಗಿ ಅವರನ್ನು ಕ್ಯಾಂಪಿಗೆ ಇಳಿಸಿದೆವು.

ಮಧ್ಯಾಹ್ನ ಹನ್ನೆರಡಕ್ಕೆ ಆ ಇನ್ನೊಂದು ತಂಡ ಇಳಿದು ಬಂತು. ಎಲ್ಲರೂ ಕ್ಷೇಮ. ಸೊಂಟದವರೆಗೆ ಒದ್ದೆಯಾಗಿದ್ದರು, ಒಬ್ಬನ ಶೂ ಹಿಮದಲ್ಲೇ ಉಳಿದಿತ್ತು. ಆದರೆ ಶಿಖರ ಮುಟ್ಟಿದ್ದರು. ನಮ್ಮ ಡೇರೆಗಳ ಪಕ್ಕದಲ್ಲೇ ನಿಂತು ಫೋನಿನಲ್ಲಿ ಒಬ್ಬರಿಗೊಬ್ಬರು ಫೋಟೋ ತೋರಿಸುತ್ತಿದ್ದರು. ಗಣಪತಿ ಮೇಷ್ಟ್ರು ನನಗೆ ಬೆನ್ನು ಹಾಕಿ ಕೂತು ಅನ್ನ ಬೇಳೆ ಉಂಡರು. ಹದಿಮೂರು ವರ್ಷದಲ್ಲಿ ಅಷ್ಟು ಕಷ್ಟದ ಊಟ ನಾನು ಮಾಡಿರಲಿಲ್ಲ. ಆದರೂ ಗುಂಡಿಯಲ್ಲಿ ಕಂಡದ್ದು ನನ್ನ ಕಣ್ಣ ಮುಂದಿತ್ತು. ತೀರ್ಮಾನದ ಬಗ್ಗೆ ಆಗಲೂ ನನಗೆ ಅನುಮಾನ ಬರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ಸಂಜೆಯೊಳಗೆ ಆಕಾಶ ಪೂರ್ತಿ ತಿಳಿಯಾಯಿತು. ಹವಾಮಾನದ ಮುನ್ಸೂಚನೆ ತಪ್ಪಿತ್ತು, ನಮ್ಮ ಒಳ್ಳೆಯದಕ್ಕೆ. ಹರಿದ್ವಾರ ನೋಡಲೆಂದು ಇಟ್ಟಿದ್ದ ಒಂದು ದಿನವನ್ನು ಇಲ್ಲೇ ಕಳೆಯಲು ಸಿದ್ಧವಿದ್ದರೆ ಬೆಳಿಗ್ಗೆ ಮತ್ತೆ ಪ್ರಯತ್ನಿಸೋಣ ಎಂದೆ. ಎಲ್ಲ ಕೈಗಳೂ ಮೇಲೆದ್ದವು, ನಾಗವೇಣಕ್ಕನದೊಂದನ್ನು ಬಿಟ್ಟು.

ಅವರ ಡೇರೆಗೆ ಹೋದೆ. ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು.

"ನಾನು ಬರಲ್ಲ. ಈ ಕಾಲು ಉಳಿದ ಹನ್ನೊಂದು ಜನರ ಟೈಮ್ ತಿಂತದೆ" ಎಂದರು.

"ನಾಗವೇಣಕ್ಕ, ಬೆಳಿಗ್ಗೆ ನಾನು ಹೂಂ ಅಂದಿದ್ರೆ ಇಷ್ಟೊತ್ತಿಗೆ ನೀವು ಶಿಖರ ಮುಟ್ಟಿ ಬಂದಿರ್ತಿದ್ರಿ."

"ಈಗ ನೀನು ನಂಗೆ ಸಮಾಧಾನ ಹೇಳಕ್ಕೆ ಬಂದ್ಯಾ, ನನ್ನ ಹತ್ರ ಸಮಾಧಾನ ಹೇಳಿಸ್ಕೊಳಕ್ಕೆ ಬಂದ್ಯಾ?"

ನಾನು ಅವರ ಕಾಲಿನ ಕೆಳಗೆ ಒಂದು ಕಂಬಳಿ ಮಡಚಿಟ್ಟೆ.

"ನಂಗೆ ಬೇಜಾರಾಗಿದೆ. ಇಲ್ಲ ಅನ್ನಲ್ಲ. ಆದ್ರೆ ಅದು ನನ್ನ ಬೇಜಾರು, ನಾನು ನೋಡ್ಕೊಳ್ತೀನಿ. ನೀನು ಹೋಗಿ ಮಲಗು. ಬೆಳಿಗ್ಗೆ ಹನ್ನೊಂದು ಜನರನ್ನ ನೋಡ್ಕೋಬೇಕು."

ಮರುದಿನ ಥರ್ಮಾಮೀಟರ್ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಸ್ಪೈಕಿನ ಹಲ್ಲು ಕರಕರನೆ ಕಚ್ಚುತ್ತಿತ್ತು. ಕೊರಕಲಿನ ಅಂಚಿನಲ್ಲಿ ಮತ್ತೆ ಗುಂಡಿ ತೆಗೆದು ಪರೀಕ್ಷೆ ಮಾಡಿದೆ. ಮೂವತ್ತು ಸಲ ತಟ್ಟಿದರೂ ಹಿಮ ಕದಲಲಿಲ್ಲ. ಆದರೂ ಒಬ್ಬರು ಪೂರ್ತಿ ದಾಟಿದ ಮೇಲೇ ಇನ್ನೊಬ್ಬರನ್ನು ಬಿಟ್ಟೆ. ಏಳೂ ನಲವತ್ತಕ್ಕೆ ಹನ್ನೊಂದು ಜನರೂ ಶಿಖರದ ಮೇಲಿದ್ದರು. ನಾಲ್ಕೂ ದಿಕ್ಕಿಗೆ ಬಿಳಿ ಬೆಟ್ಟಗಳ ಸಾಲು. ಕೆಲವರು ಅತ್ತರು. ಒಬ್ಬರು ಮನೆಗೆ ಫೋನ್ ಮಾಡಲು ನೋಡಿ ಸಿಗ್ನಲ್ ಇಲ್ಲದೆ ಫೋನನ್ನೇ ಬೈದರು.

ಗಣಪತಿ ಮೇಷ್ಟ್ರು ನನ್ನ ಪಕ್ಕ ಬಂದು ನಿಂತರು. "ಮೇಡಂ, ಬೇಜಾರು ಮಾಡ್ಕೋಬೇಡಿ. ನಿನ್ನೆನೂ ಆಗ್ತಿತ್ತು, ಅಲ್ವಾ?"

"ಆಗ್ತಿತ್ತೋ ಏನೋ. ನಂಗೆ ಗೊತ್ತಿಲ್ಲ ಮೇಷ್ಟ್ರೇ. ಇವತ್ತು ಗೊತ್ತಿತ್ತು."

ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಹೇಳಲಾರೆ. ಹತ್ತು ಗಂಟೆಯೊಳಗೆ ಎಲ್ಲರೂ ಕ್ಯಾಂಪಿಗೆ ಇಳಿದಿದ್ದೆವು. ಇಳಿದವರೇ ಮೇಷ್ಟ್ರು ನೇರ ನಾಗವೇಣಕ್ಕನ ಡೇರೆಗೆ ಹೋದರು. ಹಿಮ ಮುಗಿಯುವವರೆಗೆ ಅವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದೂ ಬಲವಂತ್ ಮತ್ತು ಮೇಷ್ಟ್ರೇ, ಸರದಿಯಲ್ಲಿ. ಅಲ್ಲಿಂದ ಮುಂದಕ್ಕೆ ಹೇಸರಗತ್ತೆ ಸಿಕ್ಕಿತು.

ಆ ಮೊಣಕಾಲು ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ನಾಗವೇಣಕ್ಕ ಈಗ ಊರಲ್ಲಿ ಚೆನ್ನಾಗಿ ಓಡಾಡುತ್ತಾರೆ. ಆದರೆ ಹಿಮಾಲಯಕ್ಕೆ ಮತ್ತೆ ಬರಲಿಲ್ಲ.

ಕಳೆದ ವರ್ಷದಿಂದ ನಾನು ಎತ್ತರದ ಟ್ರೆಕ್‌ಗಳನ್ನು ನಿಲ್ಲಿಸಿದ್ದೇನೆ. ಹೊಸ ಲೀಡರ್‌ಗಳಿಗೆ ತರಬೇತಿ ಕೊಡುತ್ತೇನೆ. ತಿರುಗಿ ಬರುವ ತೀರ್ಮಾನ ಸರಿಯಾಗಿತ್ತೆಂದು ಆಮೇಲೆ ತಿಳಿಯುವುದು ಹೇಗೆ ಎಂದು ಪ್ರತಿ ತಂಡದಲ್ಲೂ ಯಾರಾದರೂ ಕೇಳುತ್ತಾರೆ. ತಿಳಿಯುವುದಿಲ್ಲ ಎನ್ನುತ್ತೇನೆ. ದಾಟದೆ ಬಿಟ್ಟ ಇಳಿಜಾರು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಬೆಳಿಗ್ಗೆ ಐದೂಮುಕ್ಕಾಲಕ್ಕೆ ನಿಮ್ಮ ಕೈಗೆ ಸಿಕ್ಕಿದ ಹಿಮವನ್ನು ನೋಡಿ ತೀರ್ಮಾನ ಮಾಡಿ, ಮಧ್ಯಾಹ್ನ ಹನ್ನೆರಡರ ಸುದ್ದಿ ಕೇಳಿ ಅದನ್ನು ತಿದ್ದಬೇಡಿ. ಅದೇ ಹಿಮ ಇವತ್ತು ಸಿಕ್ಕರೂ ನಾನು ತಿರುಗಿ ಬರುತ್ತೇನೆ.

ಆದರೆ ಈ ಪ್ರಸಂಗವನ್ನು ಹೇಳುವಾಗ ನಾಗವೇಣಕ್ಕನ ಮೊಣಕಾಲನ್ನು ಎಂದೂ ಬಿಟ್ಟು ಹೇಳುವುದಿಲ್ಲ. ಬಿಟ್ಟರೆ ಇದರಲ್ಲಿ ನಾನು ಇರುವುದಕ್ಕಿಂತ ಹೆಚ್ಚು ಜಾಣೆಯಾಗಿ ಕಾಣುತ್ತೇನೆ.