ಮೇಲೆ ನಿಂತ ಇಟ್ಟಂಗಿ

ಪಂಚಶೀಲಾಳಿಗೆ ಫಿಸಿಕ್ಸ್ ಕಲಿಸಿದ್ದು ಕಾಲೇಜಲ್ಲ, ಅವಳ ಅವ್ವ ಶೇವಂತಾ. ಕಲಬುರಗಿಯ ಅಂಚಿನ ಶರಣಸಿರಸಗಿಯ ಹೊಸ ಲೇಔಟುಗಳಲ್ಲಿ ಮನೆಗಳು ಏಳುವಾಗ ಶೇವಂತಾ ಕೆಳಗೆ ನಿಂತು ಇಟ್ಟಂಗಿ ಎಸೆಯುತ್ತಿದ್ದಳು, ಅಪ್ಪ ಮಾಣಿಕಪ್ಪ ಸಾರವೆಯ ಮೇಲೆ ಕೂತು ಹಿಡಿಯುತ್ತಿದ್ದ. ಜೋರಾಗಿ ಎಸೆದರೆ ಹಿಡಿಯುವವನ ಅಂಗೈ ಕಿತ್ತುಹೋಗುತ್ತದೆ. ಮೆಲ್ಲಗೆ ಎಸೆದರೆ ಎಸೆದವಳ ತಲೆಗೇ ವಾಪಸ್. ಅವ್ವ ಎಸೆದದ್ದು ಮಾತ್ರ ಅಪ್ಪನ ಕೈ ಮುಂದೆ ಬಂದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿತ್ತು; ಗೋಡೆಯ ಗೂಡಿನಿಂದ ತೆಗೆದಂತೆ ಅವನು ಅದನ್ನು ತೆಗೆದುಕೊಳ್ಳುತ್ತಿದ್ದ. ಮರಳಿನ ಗುಡ್ಡೆಯ ಮೇಲೆ ಕೂತು ಹುಡುಗಿ ಅದನ್ನು ನೋಡುತ್ತಲೇ ದೊಡ್ಡವಳಾದಳು.

ಹೀಗಾಗಿ ಮೇಲಕ್ಕೆ ಎಸೆದ ವಸ್ತುವಿನ ಲೆಕ್ಕ ಬಂದರೆ ಅವಳು ಅದನ್ನು ಎರಡು ತುಂಡು ಮಾಡುತ್ತಿದ್ದಳು. ಏರಿ ನಿಲ್ಲುವವರೆಗೆ ಒಂದು, ನಿಂತ ಮೇಲೆ ಬೀಳುವುದು ಇನ್ನೊಂದು. ಕಲಬುರಗಿಯ ಪಿಯು ಕಾಲೇಜಿನಲ್ಲಿ ಉಪನ್ಯಾಸಕ ದೇವೀಂದ್ರಪ್ಪ ಆ ಉತ್ತರದ ಮೇಲೆ ಕೆಂಪು ಗೀಟು ಎಳೆದು ಸೊನ್ನೆ ಕೊಟ್ಟ.

"ಉತ್ತರ ಬರೋಬರಿ ಅದ, ಪದ್ಧತಿ ಬರೋಬರಿ ಇಲ್ಲ," ಎಂದ. ಆಮೇಲೆ ಇಡೀ ಕ್ಲಾಸಿಗೆ ಕೇಳುವಂತೆ, "ಇದು ಇಟ್ಟಂಗಿ ಹೊರೋರ ಫಿಸಿಕ್ಸ್!"

ಕ್ಲಾಸು ನಕ್ಕಿತು. ನಗುವುದಕ್ಕೆ ಯಾರಿಗೂ ಪದ್ಧತಿ ಬೇಕಾಗುವುದಿಲ್ಲ.

ಆ ಸೊನ್ನೆಯನ್ನು ಅವಳು ಮರೆಯಲಿಲ್ಲ. ಹಟಕ್ಕೆ ಬಿದ್ದು ಎಂ.ಎಸ್ಸಿ. ಮಾಡಿದಳು. ಅಷ್ಟರಲ್ಲಿ ಅವ್ವನ ಭುಜ ಕೆಟ್ಟು, ಮನೆಯವರೆಲ್ಲ ತಮ್ಮೂರು ಕಮಲಾಪುರಕ್ಕೆ ವಾಪಸಾಗಿದ್ದರು. ಪಂಚಶೀಲಾಳಿಗೆ ಸಿಕ್ಕಿದ್ದು ಕಲಬುರಗಿಯ ಒಂದು ಕೋಚಿಂಗ್ ಸೆಂಟರಿನಲ್ಲಿ ಪೇಪರ್ ತಿದ್ದುವ ಕೆಲಸ. ಮಾಲೀಕ ಅಣವೀರಪ್ಪ ಊರ ತುಂಬ ಬ್ಯಾನರುಗಳಲ್ಲಿ ಹಲ್ಲು ಕಿರಿಯುತ್ತಿದ್ದ. ಇವಳು ದಿನಾ ಬಸ್ಸಿನಲ್ಲಿ ಬಂದು ಹಿಂದಿನ ಕೋಣೆ ಸೇರುತ್ತಿದ್ದಳು. ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. "ಜೂನಿಗೆ ನೋಡೋಣ" ಎಂದು ಅವನು ಪ್ರತಿ ವರ್ಷ ಮೂಗಿಗೆ ತುಪ್ಪ ಸವರುತ್ತಿದ್ದ.

ಆ ಆಸೆಯನ್ನು ಅವಳು ಭಾನುವಾರ ಕಮಲಾಪುರದ ಮನೆಯಂಗಳದಲ್ಲಿ ತೀರಿಸಿಕೊಳ್ಳುತ್ತಿದ್ದಳು. ಓಣಿಯ ಹುಡುಗಿಯರಿಗೆ ಪುಕ್ಕಟೆ ಪಾಠ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆ ಮಾರುವವನ ಮಗಳು ಅಫ್ರೀನ್ ಅವರಲ್ಲೆಲ್ಲ ಚುರುಕು. ಅವಳಿಗೆ ಪಂಚಶೀಲಾ ಇಟ್ಟಂಗಿಯನ್ನೇ ಎಸೆದು ತೋರಿಸಿದಳು.

"ನೋಡು, ಅಲ್ಲಿಗೆ ನಿಂತದ. ಅಲ್ಲಿಂದ ಹೊಸಾ ಲೆಕ್ಕ ಸುರು ಮಾಡು."

ಈ ಬೇಸಿಗೆಯಲ್ಲಿ ಸೆಂಟರಿನವರು ಒಂದೇ ಒಂದು ಪುಕ್ಕಟೆ ಸೀಟಿಗೆ ಪರೀಕ್ಷೆ ಇಟ್ಟರು. ಅಫ್ರೀನಳೂ ಬರೆದಳು. ಅದು ಸಿಗದಿದ್ದರೆ ಕಲಬುರಗಿಯ ಕೋಚಿಂಗ್ ಅವಳಿಗೆ ಕನಸಿನ ಮಾತು. ನಲವತ್ತು ಮೀಟರ್ ಎತ್ತರದ ಕಟ್ಟಡದ ತುದಿಯಿಂದ, ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದ ಕಲ್ಲು ನೆಲಕ್ಕೆ ಬೀಳಲು ಎಷ್ಟು ಹೊತ್ತು ಬೇಕು? ಗುರುತ್ವವನ್ನು ಹತ್ತು ಎಂದು ಹಿಡಿಯಿರಿ. ಇದು ಪ್ರಶ್ನೆ. ಅಫ್ರೀನ್ ಬರೆದಿದ್ದಳು: ಒಂದು ಸೆಕೆಂಡಿನಲ್ಲಿ ಐದು ಮೀಟರ್ ಏರಿ ನಿಂತಿತು, ಅಲ್ಲಿಂದ ನಲವತ್ತೈದು ಮೀಟರ್ ಬೀಳಲು ಮೂರು ಸೆಕೆಂಡು, ಒಟ್ಟು ನಾಲ್ಕು. ಪಕ್ಕದಲ್ಲಿ ಪುಟ್ಟ ಇಟ್ಟಂಗಿಯ ಚಿತ್ರ. ಪೇಪರ್ ತಿದ್ದುತ್ತಿದ್ದ ಪಂಚಶೀಲಾಳ ಕಣ್ಣು ತುಂಬಿ ಬಂತು. ಪೂರ್ತಿ ಅಂಕ ಕೊಟ್ಟಳು. ಅಫ್ರೀನ್ ಎಲ್ಲರಿಗಿಂತ ಮುಂದೆ ಬಂದಳು.

ಅಣವೀರಪ್ಪ ಆ ಪೇಪರ್ ತಿರುವಿ ಹಾಕಿದ. "ಇದೇನ್ರಿ ತುಂಡು ತುಂಡು? ಪ್ಲಸ್ಸು ಮೈನಸ್ಸು ಹಾಕಿ ಒಂದೇ ಸೂತ್ರದಾಗ ಮುಗಿಸೋದು ನಮ್ಮ ಪದ್ಧತಿ."

"ಉತ್ತರ ಖರೇನೇ ಅದ ರೀ ಸರ್."

"ಖರೇ ಇರ್ಲಿ. ಜೂನಿನಿಂದ ನಿಮಗ ಕ್ಲಾಸ್ ಕೊಡಬೇಕಂತ ಮಾಡೀನಿ. ಅಲ್ಲೂ ಇದನ್ನೇ ಕಲಿಸ್ತೀರೇನು?"

ಎದ್ದು ಬರಬಹುದಿತ್ತು. ಜಗಳವಾದರೂ ಆಡಬಹುದಿತ್ತು. ಅವಳ ಬಾಯಿಂದ ಬಂದದ್ದು "ಇಲ್ಲ ರೀ ಸರ್" ಎಂಬುದಷ್ಟೇ. ಕೆಂಪು ಪೆನ್ನಿನಿಂದ ಗೀಟು ಎಳೆದು ಸೊನ್ನೆ ಬರೆದಳು. ಕೈ ನಡುಗಲಿಲ್ಲ, ಆಮೇಲೆ ನೆನೆದಾಗೆಲ್ಲ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿಸಿದ್ದು ಅದೇ. ಸೀಟು ಬೇರೆ ಹುಡುಗನಿಗೆ ಹೋಯಿತು.

ಮುಂದಿನ ಭಾನುವಾರ ಅಫ್ರೀನ್ ಸೆಂಟರಿನವರು ವಾಪಸ್ ಕೊಟ್ಟ ಆ ಪೇಪರ್ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಹೊಸ್ತಿಲಲ್ಲಿ ಶೇವಂತಾ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು.

"ನಾ ಎಲ್ಲಿ ತಪ್ಪೀನಿ ರೀ ಮಿಸ್?"

ಪಂಚಶೀಲಾ ಮಾತು ಹುಡುಕಬೇಕಾಗಲಿಲ್ಲ. "ಉತ್ತರ ಬರೋಬರಿ ಅದ. ಪದ್ಧತಿ ಬರೋಬರಿ ಇಲ್ಲ."

"ನೀವೇ ಕಲಿಸಿದ್ರಲ್ಲ ರೀ?"

"ನಾ ತಪ್ಪು ಕಲಿಸೀನಿ."

ಹುಡುಗಿ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಚಾಪೆಯ ಮೇಲೆ ಕೂತು ಹೊಸ ಹಾಳೆ ತೆಗೆದಳು.

"ಹಂಗಾದ್ರ ಬರೋಬರಿದ್ದು ಕಲಿಸ್ರಿ ಮಿಸ್. ಮುಂದಿನ ವರ್ಷ ಮತ್ತ ಬರೀತೀನಿ."

ಪಂಚಶೀಲಾ ಪೆನ್ನು ತೆಗೆದುಕೊಂಡು ಅಣವೀರಪ್ಪನ ಸೂತ್ರ ಬರೆಯತೊಡಗಿದಳು. ಶೇವಂತಾ ಎದ್ದು ಬಂದಳು. ಪಾಠಕ್ಕೆಂದು ಅಂಗಳದಲ್ಲಿ ಇಟ್ಟಿದ್ದ ಇಟ್ಟಂಗಿಯನ್ನು ನೋವಿಲ್ಲದ ಕೈಯಿಂದ ಎತ್ತಿಕೊಂಡು ಒಳಗೆ ಹೋದಳು. ಮಗಳು ತಲೆ ಎತ್ತಲಿಲ್ಲ.