ಮುಂದಕ್ಕೆ ಎಳೆದಿದ್ದ ಸೀಟು

ಹೋದ ವಾರ ಕಾರಿನ ಬಾನೆಟ್ ಎತ್ತಿದೆ ನೋಡಿ, ರಪ್ಪನೆ ಮೂಗಿಗೆ ಬಡಿಯಿತು ಆ ವಾಸನೆ. ಇಲಿಯ ಉಚ್ಚೆಯೂ ಸುಟ್ಟ ವೈರೂ ಸೇರಿದ ವಾಸನೆ. ಬ್ಯಾಟರಿಯ ಹಿಂದೆ ಒಣಗಿದ ಎಲೆ, ಕಾಫಿ ಸಿಪ್ಪೆ, ಯಾರದೋ ಕಾಲುಚೀಲದ ದಾರ ಎಲ್ಲವನ್ನೂ ತಂದು ಹಾಸಿಕೊಂಡು ಇಲಿ ಸುಖವಾಗಿ ಸಂಸಾರ ಹೂಡಿತ್ತು. ಅದರ ವಂಶವನ್ನೆಲ್ಲ ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಹದಿನಾಲ್ಕು ವರ್ಷವಾಯಿತು, ಈ ವಾಸನೆ ಬಂದರೆ ನನಗೆ ಮೊದಲು ಬರುವುದು ಸಿಟ್ಟಲ್ಲ, ಹೆದರಿಕೆ. ಅದರ ಹಿಂದೆಯೇ ಬಣಕಲ್ಲಿನ ಗ್ಯಾರೇಜಿನ ಕಾಕ ನೆನಪಾಗುತ್ತಾರೆ...

ಸುತ್ತಮುತ್ತಲಿನವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದದ್ದು. ಹೆದ್ದಾರಿಯ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಬಾಳೂರು ಕಡೆಯ ಎಸ್ಟೇಟುಗಳ ಜೀಪುಗಳೆಲ್ಲ ಕಾಯಿಲೆ ಬಿದ್ದರೆ ಅಲ್ಲಿಗೇ ಹೋಗಬೇಕು. ಕೆಲಸದಲ್ಲಿ ಎತ್ತಿದ ಕೈ, ಆದರೆ ಅವರಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ಕೂತಾಗ ಗಾಡಿ ಸ್ವಲ್ಪ ಜೋರಾದರೆ ಸಾಕು, ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಮೊಪೆಡ್ಡನ್ನು ಸೈಕಲ್ಲಿಗಿಂತ ನಿಧಾನಕ್ಕೆ ಓಡಿಸುತ್ತಿದ್ದರು. "ಕಾಕ, ನೀವು ಹೊಲಿಗೆ ಮಿಷನ್ ರಿಪೇರಿ ಮಾಡ್ಬೇಕಿತ್ತು" ಎಂದು ಜನ ಗೇಲಿ ಮಾಡಿದರೆ ತಾವೂ ನಗುತ್ತಿದ್ದರು.

ಆದರೆ ಅವರದೊಂದು ಕ್ರಮವಿತ್ತು. ರಿಪೇರಿ ಮಾಡಿದ ಯಾವ ಗಾಡಿಯನ್ನೂ ಸುಮ್ಮನೆ ಕೊಡುತ್ತಿರಲಿಲ್ಲ. ಯಜಮಾನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೆಡ್ಡಿನ ಹಿಂದಿನ ಇಳಿಜಾರಿಗೆ ಒಯ್ದು, ಸೆಕೆಂಡ್ ಗೇರಿನಲ್ಲಿ ಇಳಿಸುತ್ತ, ಆಕ್ಸಿಲರೇಟರಿನಿಂದ ಕಾಲು ತೆಗೆದು ಕಿವಿಗೊಟ್ಟು ಕೇಳುತ್ತಿದ್ದರು. ಇಂಜಿನ್ನು ಗಾಡಿಯನ್ನು ಹಿಡಿಯುತ್ತದೋ ಇಲ್ಲವೋ ಎಂದು. ನಮ್ಮ ಕಡೆಯ ರಸ್ತೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಇಲ್ಲಿ ಇಳಿಜಾರಿನಲ್ಲಿ ಬ್ರೇಕ್ ತುಳಿಯುವವರನ್ನು ಯಾರೂ ಡ್ರೈವರ್ ಎನ್ನುವುದಿಲ್ಲ. ಗೇರಿಗೆ ಹಾಕು, ಕಾಲು ತೆಗಿ, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ನನಗೆ ಜೀಪು ಕಲಿಸಿದ ಮಾವನವರು ಹೇಳಿಕೊಟ್ಟದ್ದೂ ಅದನ್ನೇ. ಬ್ರೇಕಿನ ಮೇಲೆ ಕಾಲಿಟ್ಟರೆ ಮೊಣಕಾಲಿಗೆ ಒಂದು ಏಟು ಬೀಳುತ್ತಿತ್ತು.

ಇನ್ನು ನಮ್ಮ ಯಜಮಾನರ ಕಥೆ. ಮನೆಗೊಂದು ಜೀಪು ಇರಲಿಲ್ಲವೇ, ಸಾಲದೆಂದು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ನೋಡಲು ಸಾಧಾರಣ ನಾಲ್ಕು ಬಾಗಿಲಿನ ಕಾರು, ಓಟದಲ್ಲಿ ಮಾತ್ರ ಹುಚ್ಚು ಕುದುರೆ. ಆ ಮಾಡೆಲ್ಲು ಮಾರುಕಟ್ಟೆಗೆ ಬಂದ ಮೊದಲನೇ ವರ್ಷದ್ದು. ವಸ್ತಾರೆಯ ಅವರ ಗೆಳೆಯರ ಹತ್ತಿರ ಅದೇ ಕಾರು ಇತ್ತು, ಆದರೆ ಮರುವರ್ಷದ್ದು. ಇಬ್ಬರೂ ಸೇರಿದರೆ ಮುಗಿಯಿತು, ಯಾರದು ಹೆಚ್ಚು ಎಳೆಯುತ್ತದೆ ಎಂಬುದೇ ಮಾತು. ಕಾಫಿ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿ ಹೋಗುತ್ತಿತ್ತು. ಕೊನೆಗೊಂದು ದಿನ ಇಬ್ಬರೂ ಎರಡು ಕಾರುಗಳನ್ನೂ ಕಾಕನ ಮುಂದೆ ತಂದು ನಿಲ್ಲಿಸಿದರು. ನಾನೂ ಜೊತೆಗಿದ್ದೆ. ಕಾಕ ಎರಡನ್ನೂ ಸ್ಟಾರ್ಟ್ ಮಾಡಿಸಿ, ಬೆನ್ನು ತಿರುಗಿಸಿ ನಿಂತು, ಬರೀ ಸದ್ದು ಕೇಳಿ ಯಾವುದು ಯಾವ ವರ್ಷದ್ದೆಂದು ಹೇಳಿಬಿಟ್ಟರು.

"ಇಂಜಿನ್ ಒಂದೇ ಗೌಡ್ರೇ. ಪಿಸ್ಟನ್ ಒಂದೇ, ನಟ್ಟು ಬೋಲ್ಟು ಒಂದೇ. ಕಂಪನಿಯವ್ರು ಬದಲು ಮಾಡಿದ್ದು ಈ ಡಬ್ಬಿ ಒಳಗಿನ ಬುದ್ಧಿ ಮಾತ್ರ" ಎಂದು ನಮ್ಮವರಿಗೆ ಇಂಜಿನ್ನಿನ ಕಂಪ್ಯೂಟರ್ ಡಬ್ಬಿಯನ್ನು ತಟ್ಟಿ ತೋರಿಸಿದರು. "ನಿಮ್ದು ಕಾಲು ತೆಗೆದ ಕೂಡ್ಲೇ ಪೆಟ್ರೋಲ್ ನಿಲ್ಲಿಸ್ತದೆ, ಗಾಡಿ ಹಿಡೀತದೆ. ಇವ್ರದ್ದು ಹಾಗಲ್ಲ. ಹೊಗೆ ಕಾನೂನು ಬಿಗಿ ಆಯ್ತಲ್ಲ, ಅದಕ್ಕೆ ಕಾಲು ತೆಗೆದ್ರೂ ಗಾಳಿ ಹೋಗೋ ಬಾಗಿಲು ಮೆಲ್ಲಗೆ ಮುಚ್ತದೆ. ಒಂದು ಉಸಿರಿನಷ್ಟು ಹೊತ್ತು ಎಳೀತಾನೇ ಇರ್ತದೆ."

ಒಂದು ಉಸಿರು ತಾನೇ ಎಂದು ನಾವೆಲ್ಲ ನಕ್ಕೆವು. ಕಾಕ ನಗಲಿಲ್ಲ.

ಆ ವರ್ಷದ ಕೊಯ್ಲು ಮುಗಿಯುವ ಹೊತ್ತಿಗೆ ಇಲಿ ನಮ್ಮ ಕಾರಿನ ವೈರು ಕಡಿಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಟಚಟ ಸದ್ದು, ಬಾನೆಟ್ಟಿನಿಂದ ಹೊಗೆ. ಹಿಂದಿನ ದಿನ ಅದನ್ನು ಓಡಿಸಿದ್ದವಳು ನಾನೇ. ಟೋ ಗಾಡಿಯವನು ಮುಂದಿನ ಚಕ್ರ ಎತ್ತಿಕೊಂಡು ಕಾಕನ ಶೆಡ್ಡಿಗೆ ಒಯ್ದ. ಡಬ್ಬಿ ಸುಟ್ಟಿತ್ತು. ಮೊದಲ ವರ್ಷದ ಡಬ್ಬಿ ಎಲ್ಲೂ ಸಿಗಲಿಲ್ಲ. ಯಜಮಾನರು ಹಾಸನದ ಗುಜರಿಯಲ್ಲಿ ಹುಡುಕಿ, ಅಪಘಾತವಾಗಿದ್ದ ಒಂದು ಕಾರಿನ ಡಬ್ಬಿಯನ್ನು ಅದಕ್ಕೆ ಹೊಂದುವ ಕೀಲಿಯ ಸಮೇತ ಬಿಚ್ಚಿಸಿ ತಂದರು. ಅದು ಮರುವರ್ಷದ್ದು. ಕಾಕ ಬೇಡವೆಂದರು. ಪ್ಲಗ್ಗು ಸರಿಯಾಗಿ ಕೂರುತ್ತದಲ್ಲ ಎಂದು ಇವರು ಹಟ ಹಿಡಿದರು. ಜೀಪು ಕೊಯ್ಲಿಗೇ ಬೇಕು, ಮಗಳ ಶಾಲೆಯ ಓಡಾಟ ನಿಂತಿದೆ ಎಂದು ನಾನೂ ಮನೆಯಲ್ಲಿ ಒರಲುತ್ತಿದ್ದೆನಲ್ಲ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಕೊನೆಗೆ ಕಾಕ ಒಪ್ಪಿದರು. ಡಬ್ಬಿ ಹಾಕಿ, ಕ್ರಮದಂತೆ ನಮ್ಮವರನ್ನು ಇಳಿಜಾರಿಗೆ ಕರೆದೊಯ್ದು, ಮೂರು ಸಲ ಇಳಿಸಿ ತೋರಿಸಿದರಂತೆ. ತಿರುವಿಗೆ ಮುಂಚೆಯೇ ಕಾಲು ತೆಗೆಯಬೇಕು, ಬ್ರೇಕಿಗೆ ನಾಚಬಾರದು ಎಂದು ಹೇಳಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಸಂಜೆ ನಮ್ಮ ಮಹಾರಾಯರು ಮನೆಗೆ ಬಂದು ಹೇಳಿದ್ದು ಒಂದೇ ಮಾತು, "ಸರಿಯಾಯ್ತು ಮಾರಾಯ್ತಿ, ನಾಳೆಯಿಂದ ತಗೊಂಡು ಹೋಗು."

ಮರುದಿನ ಬೆಳಿಗ್ಗೆ ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಕುಳ್ಳಿ ನಾನು, ಇಲ್ಲದಿದ್ದರೆ ಕ್ಲಚ್ಚಿಗೆ ಕಾಲು ಎಟುಕುವುದಿಲ್ಲ. ಮಗಳಿಗೆ ಆಗ ಆರು ವರ್ಷ. ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಒದರುತ್ತಿದ್ದಳು. ನಮ್ಮ ಮನೆಯಿಂದ ಇಳಿದರೆ ಮೂರನೆಯ ತಿರುವಿಗೆ ಒಂದು ಕಡೆ ಗುಡ್ಡ ಕಡಿದ ಧರೆ, ಇನ್ನೊಂದು ಕಡೆ ಏನೂ ಇಲ್ಲ. ಕೆಳಗೆ ಸಿಲ್ವರ್ ಓಕ್ ಮರಗಳ ತುದಿ ಮಾತ್ರ ಕಾಣುತ್ತದೆ. ಪ್ರತಿದಿನದಂತೆ ಸೆಕೆಂಡ್ ಗೇರಿಗೆ ಹಾಕಿದೆ. ಪ್ರತಿದಿನದ ಜಾಗದಲ್ಲೇ ಕಾಲು ತೆಗೆದೆ.

ಕಾರು ಹಿಡಿಯಲಿಲ್ಲ.

ಹೇಗೆ ಹೇಳಲಿ... ಬೆನ್ನ ಹಿಂದೆ ಯಾರೋ ನಿಂತು ನೂಕಿದ ಹಾಗಾಯಿತು. ಕಾಲು ಮೇಲಿದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇದೆ. ಸ್ವಂತ ಕಾಲನ್ನೇ ಬಗ್ಗಿ ನೋಡಿದೆ, ನಿಜವಾಗಿ ತೆಗೆದಿದ್ದೇನೋ ಇಲ್ಲವೋ ಎಂದು. ಬ್ರೇಕ್ ಎನ್ನುವುದೊಂದಿದೆ ಎಂಬುದೇ ತಲೆಗೆ ಹೊಳೆಯಲಿಲ್ಲ. ಮಗಳು "ಏಳೆರಡಲ ಹದಿನಾಲ್ಕು" ಎಂದದ್ದು ಇವತ್ತಿಗೂ ಕಿವಿಯಲ್ಲಿದೆ. ಆಗಲೇ ತಿರುವಿನ ಆಚೆಯಿಂದ ಮೊಪೆಡ್ಡಿನಲ್ಲಿ ಕಾಕ ಹತ್ತಿ ಬಂದರು. ಧರೆಯನ್ನು ಒತ್ತಿಕೊಂಡು, ತಮ್ಮ ಮಗ್ಗುಲಲ್ಲೇ, ಎಂದಿನಂತೆ ನಿಧಾನಕ್ಕೆ. ನನ್ನ ಮುಂದಿದ್ದದ್ದು ಎರಡೇ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಅವರು.

ನಾನು ಅವರ ಕಡೆಗೆ ತಿರುಗಿಸಿದೆ.

ಬರೆಯಲು ಇಷ್ಟು ವರ್ಷ ಬೇಕಾಯಿತು ಈ ಮಾತನ್ನು. ಬ್ರೇಕಿಗೆ ಕಾಲು ಹೋದದ್ದು ಆಮೇಲೆ. ಕಾರು ಮೊಪೆಡ್ಡನ್ನು ತಳ್ಳಿ ಧರೆಗೆ ಮೂತಿ ಒತ್ತಿ ನಿಂತಿತು. ಕಾಕ ಚರಂಡಿಯಲ್ಲಿ ಬಿದ್ದಿದ್ದರು, ಎಡಗೈ ವಿಚಿತ್ರವಾಗಿ ಮಡಚಿತ್ತು. ಮಗಳು ಅಳುತ್ತಿದ್ದಳು, ಒಂದು ಗಾಯವೂ ಆಗಿರಲಿಲ್ಲ. ನಾನು ಇಳಿದವಳೇ ಹೆದರಿಕೆಗೆ ಬಾಯಿಗೆ ಬಂದಂತೆ ಕೂಗಿದೆ. "ಕಣ್ಣು ಕಾಣಲ್ವಾ ನಿಮ್ಗೆ? ಹಿಂಗೆ ಅಡ್ಡ ಬರ್ತೀರಲ್ಲ!"

ಅವರು ಮಲಗಿದ್ದಲ್ಲಿಂದಲೇ ಕೇಳಿದರು, "ಮಗು ಹೆಂಗಿದೆ ಅಕ್ಕ?"

ಆಮೇಲೆ ಉಸಿರು ಎಳೆದುಕೊಳ್ಳುತ್ತ ಹೇಳಿದರು, "ಸೀಟು ಮುಂದಿತ್ತಲ್ಲ ಅಕ್ಕ, ಗಾಡಿ ನನ್ನ ಹತ್ರ ಬಂದಾಗ... ಗೌಡ್ರ ಕಾಲು ಉದ್ದ. ಬೆಳಿಗ್ಗೆ ಶೆಡ್ ಬಾಗ್ಲು ತೆಗೀಬೇಕಾದ್ರೆ ನೆನಪಾಯ್ತು. ಇದನ್ನ ಓಡ್ಸೋರು ಬೇರೆ ಯಾರೋ ಇದಾರೆ, ಅವ್ರಿಗೆ ನಾನು ಹೇಳೇ ಇಲ್ಲ ಅಂತ. ಅದಕ್ಕೆ ಬಂದೆ."

ನಮ್ಮ ಮನೆಯಲ್ಲಿ ಆಗ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕಾಡಾನೆ ಕಂಬ ಬೀಳಿಸಿದಂದಿನಿಂದ ಲ್ಯಾಂಡ್‌ಲೈನೂ ಸತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸಂಜೆ ಹೇಳಿದರಾಯಿತು ಎಂದು ಸುಮ್ಮನಾಗುತ್ತಿದ್ದರು. ಆ ಪುಕ್ಕಲು ಮನುಷ್ಯ ಶೆಡ್ಡಿಗೆ ಮತ್ತೆ ಬೀಗ ಹಾಕಿ ಘಾಟಿ ಹತ್ತಿದ್ದರು.

ಜನ ಸೇರಿದರು. ಏನಾಯ್ತು, ಹೇಗಾಯ್ತು ಎಂದು ಕೇಳಿದರು. ಯಜಮಾನರೂ ಓಡಿ ಬಂದರು. ನನ್ನ ಬಾಯಿಂದ ಹೊರಟದ್ದು ಮೊದಲು ಕೂಗಿದ ಮಾತೇ. ಕಾಕ ಅಡ್ಡ ಬಂದರು ಎಂದೆ. ಎಲ್ಲರೂ ಅವರ ಮುಖ ನೋಡಿದರು. ಅವರು ನನ್ನ ಸೆರಗು ಹಿಡಿದು ನಿಂತಿದ್ದ ಮಗಳ ಕಡೆ ಒಮ್ಮೆ ನೋಡಿ, "ಹೌದು, ನಂದೇ ತಪ್ಪು" ಎಂದುಬಿಟ್ಟರು. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಆಮೇಲೆ ಎಷ್ಟು ದಿನ ಪೇಟೆಯಲ್ಲಿ ಜನ ಅವರನ್ನು ಆಡಿಕೊಂಡು ನಕ್ಕರು, ಮೊಪೆಡ್ ಓಡಿಸಲು ಬಾರದ ಮೆಕ್ಯಾನಿಕ್ ಎಂದು.

ಕಾರಿನ ಮೂತಿ ನೆಟ್ಟಗಾಗಿ ಬಂತು, ಆದರೆ ನಾನು ಸ್ಟಿಯರಿಂಗ್ ಮುಟ್ಟಲಿಲ್ಲ. ಕೀಲಿಯ ಸದ್ದು ಕೇಳಿದರೆ ಬೆವರುತ್ತಿದ್ದೆ. ಮಗಳನ್ನು ಜೀಪಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಬಿಟ್ಟು ಬರುತ್ತಿದ್ದರು. ಮೂರು ವಾರವಾದ ಮೇಲೆ ಕಾಕ ಯಾರದೋ ಪಿಕಪ್ಪು ಹತ್ತಿ ಮನೆಗೆ ಬಂದರು, ತೋಳಿಗೆ ಜೋಲಿ ಕಟ್ಟಿಕೊಂಡೇ. ಬನ್ನಿ ಅಕ್ಕ, ಈ ಮನೆ ಇಳಿಜಾರಿಗೇ ಹೋಗೋಣ ಎಂದರು. ಆಗುವುದಿಲ್ಲ ಎಂದೆ. ಅವರು ಹೋಗಿ ಕಾರಿನಲ್ಲಿ ಕೂತುಬಿಟ್ಟರು. ಆ ಕಾರಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ.

ಮೊದಲ ಸಲ ಇಳಿಯುವಾಗ ಅವರ ಮೊಣಕಾಲು ನಡುಗುವುದು ಕಾಣುತ್ತಿತ್ತು. ಬಲಗೈಯಲ್ಲಿ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ತುಟಿ ಅಲ್ಲಾಡುತ್ತಿತ್ತು, ಕಣ್ಣು ಮಾತ್ರ ಮುಚ್ಚಿರಲಿಲ್ಲ.

"ಕಾಕ, ಹೆದ್ರಿಕೆ ಆದ್ರೆ ಇಳೀರಿ" ಎಂದೆ.

"ಹೆದ್ರಿಕೆ ಆಗ್ತದೆ ಅಂತಾನೇ ಕೂತಿರೋದು ಅಕ್ಕ. ಆ ಹಳದಿ ಕಲ್ಲು ಬಂತು ನೋಡಿ, ಈಗ ತೆಗೀರಿ ಕಾಲು."

ಅವತ್ತು ಹತ್ತು ಸಲ ಇಳಿದೆವು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ನನ್ನ ಕಾಲು ತಾನಾಗಿ ಎದ್ದಿತು. ಕಾಕ ಉಸಿರುಬಿಟ್ಟರು. ಕ್ಷಮಿಸಿ ಎಂದು ಹೇಳಬೇಕೆಂದುಕೊಂಡೆ. ಅವರು ಆಗಲೇ ಬ್ರೇಕಿನ ಪ್ಯಾಡಿನ ವಿಷಯ ತೆಗೆದಿದ್ದರು... ಇನ್ನೊಂದು ಸಲ ಹೇಳಿದರಾಯಿತು ಎಂದುಕೊಂಡೆ.

ಆ ವರ್ಷದ ಕೊನೆಗೆ ಮೊದಲ ವರ್ಷದ ಡಬ್ಬಿಯನ್ನು ಎಲ್ಲಿಂದಲೋ ಅವರೇ ಹುಡುಕಿಸಿ ತಂದು ಹಾಕಿದರು. ಅಲ್ಲಿಂದ ಮುಂದೆ ಯಾರೇ ಗಾಡಿ ತರಲಿ, ಏನು ತೊಂದರೆ ಎಂದು ಕೇಳುವ ಮೊದಲು ಕಾಕ ಕೇಳುತ್ತಿದ್ದದ್ದು ಒಂದೇ, "ಮನೇಲಿ ಬೇರೆ ಯಾರು ಓಡಿಸ್ತಾರೆ?" ಅವರನ್ನೂ ಕರೆತಂದರೇ ಕೀಲಿ ಕೊಡುತ್ತಿದ್ದದ್ದು. ಪ್ಲಾಂಟರುಗಳು ಗೊಣಗಿಕೊಂಡು ಹೆಂಡತಿಯರನ್ನು, ಮಗಂದಿರನ್ನು ಕರೆದುಕೊಂಡು ಬಂದು ಇಳಿಜಾರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ನೋಡಿದವರು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಾಕ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಶೆಡ್ಡಿದ್ದ ಜಾಗದಲ್ಲಿ ಈಗ ಎಳನೀರು ಮಾರುತ್ತಾರೆ. ಇಳಿಜಾರಿಗೆ ಬೇಲಿ ಬಿದ್ದಿದೆ.

ಈ ಸಲ ಇಲಿ ಕಡಿದ ಕಾರು ಹೊಸದು. ಚಿಕ್ಕಮಗಳೂರಿನಿಂದ ಬಂದು ಒಯ್ದರು, ನಾಲ್ಕು ದಿನಕ್ಕೆ ಸರಿಮಾಡಿ ತಂದು ನಿಲ್ಲಿಸಿದರು. ಒಳಗೆ ಕೂತರೆ ಪೆಡಲಿಗೆ ಕಾಲು ಎಟುಕಲಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದರು. ಬಂದ ಹುಡುಗನಿಗೆ ಸಹಿ ಬೇಕಿತ್ತು, ಅಷ್ಟೇ. ಯಾರು ಓಡಿಸುತ್ತಾರೆ ಎಂದು ಅವನು ಕೇಳಲಿಲ್ಲ. ಏನೇನು ಬದಲು ಮಾಡಿದಿರಿ, ಮೊದಲಿನ ಹಾಗೆಯೇ ಹಿಡಿಯುತ್ತದೆಯೇ ಎಂದು ನಾನೇ ಹತ್ತು ಸಲ ಕೇಳಿದೆ. ಪಾಪ, ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ನಿನ್ನೆ ಮಗಳು, ನಾನು ಓಡಿಸುತ್ತೇನೆ ಎಂದಳು. ಲೈಸೆನ್ಸ್ ಬಂದು ಇನ್ನೂ ತಿಂಗಳಾಗಿಲ್ಲ. ನನ್ನಂತೆಯೇ ಕುಳ್ಳಿ, ಸೀಟನ್ನು ಎಳೆದುಕೊಂಡಳು. ನಾನು ಪಕ್ಕದಲ್ಲಿ ಕೂತು ಬಲಗೈಯಲ್ಲಿ ಸೀಟಿನ ಅಂಚು ಹಿಡಿದೆ. ಮೂರನೆಯ ತಿರುವು ಇನ್ನೂ ಎಷ್ಟೋ ದೂರವಿರುವಾಗಲೇ "ಕಾಲು ತೆಗಿ" ಎಂದೆ.

"ಎಂಥ ಹೆದ್ರಿಕೆ ಅಮ್ಮ ನಿಂಗೆ! ಇಲ್ಲೇ ಅಲ್ವಾ ಆ ಕಾಕ ನಮ್ಮ ಕಾರಿಗೆ ಅಡ್ಡ ಬಂದಿದ್ದು?"

ಹೇಳಬೇಕಾದವರಿಗೆ ಹೇಳಲಿಲ್ಲ, ಇವಳಿಗಾದರೂ ಹೇಳಬೇಕು.

"ಅವ್ರು ಅಡ್ಡ ಬರ್ಲಿಲ್ಲ ಕಣೆ. ನಿನ್ನ ಉಳಿಸ್ಕೊಳ್ಳೋಕೆ ನಾನೇ ಅವ್ರ ಮೇಲೆ ಹತ್ತಿಸಿದ್ದು. ಅವ್ರು ನಂಗೆ ಕಾಲು ತೆಗಿ ಅಂತ ಹೇಳೋಕೆ ಬರ್ತಿದ್ರು."

ಮಗಳು ನನ್ನ ಕಡೆ ತಿರುಗಲಿಲ್ಲ. ತಿರುವು ಇನ್ನೂ ದೂರವಿತ್ತು. ಮೆಲ್ಲಗೆ ಕಾಲು ತೆಗೆದಳು.