ಕೊಟ್ಟೂರಯ್ಯನ ಎಡಗಾಲು

ಕಾಶಿಯ ಮಠದ ೧೯೩೮ರ ಕಾರನ್ನು ಕೊಟ್ಟೂರಯ್ಯ ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದ. ೧೯೭೪ರಲ್ಲಿ, ಒಂದೇ ವರ್ಷದೊಳಗೆ ಮೂರನೇ ಕ್ಲಚ್ ಪ್ಲೇಟು ಸವೆದಾಗ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ಲೇಟು ಕಳಪೆಯೆಂದು ಅಂಗಡಿಯವನನ್ನು ಬೈದ. ಎಣ್ಣೆ ಸೋರಿರಬೇಕೆಂದು ಕಾರಿನಡಿ ನುಸುಳಿದ. ಒಂದು ಹನಿಯೂ ಸಿಗಲಿಲ್ಲ.

ಹೆಂಡತಿ ಬಸಲಿಂಗಮ್ಮ ಅವನ ಚಪ್ಪಲಿಗಳನ್ನು ಮಗುಚಿಟ್ಟಳು. ಬಲಗಾಲಿನದು ಗಟ್ಟಿಯಾಗಿತ್ತು, ಎಡಗಾಲಿನದರ ಮುಂಭಾಗ ತೂತುಬಿದ್ದಿತ್ತು.

"ಓಡಿಸುವಾಗೆಲ್ಲ ಕಾಲು ಕ್ಲಚ್ಚಿನ ಮ್ಯಾಲೇ ಇಟ್ಟಿರ್ತೀರೇನ್ರಿ?"

ಹಾಗಿಟ್ಟರೆ ಪ್ಲೇಟು ಉಜ್ಜಿ ಸವೆಯುತ್ತದೆಂದು ಬೇರೆ ಡ್ರೈವರುಗಳಿಗೆ ಹೇಳಿಕೊಟ್ಟವನೇ ಅವನು.

"ಹೋದ ವರ್ಷ ಗೋದೌಲಿಯಾ ಚೌಕದಾಗ ಆ ಕೂಸು ಕಾರಿಗೆ ಅಡ್ಡ ಬಂತಲ್ಲ, ಸ್ವಲ್ಪದರಾಗ ಉಳೀತು. ಯಾವಾಗ ಗಕ್ಕನ ನಿಲ್ಲಸಬೇಕಾಗ್ತದೋ ಅಂತ ಅವತ್ತಿಂದ ಕಾಲು ತೆಗಿಯಾಕ ಧೈರ್ಯ ಸಾಲವಲ್ದು," ಎಂದ.

ಬಸಲಿಂಗಮ್ಮ ಕೆಳಗೆ ನೋಡಿದಳು. ಸ್ಟೂಲಿನ ಮೇಲೆ ಕೂತವನ ಎಡಗಾಲು ಬರಿಯ ನೆಲವನ್ನು ಒತ್ತಿಕೊಂಡೇ ಇತ್ತು.

"ಈಗ ಯಾರು ಅಡ್ಡ ಬಂದಾರ್ರಿ?"